ಹುಟ್ಟಿದ ವರ್ಷ ಬದಲಾಯಿಸಿದ ಸೋದರಮಾವ

ಮೂಡಿಗೆರೆ ಕಡೆಯ ತಾಯಿಯೊಬ್ಬರ ಪತ್ರ ಓದಿದ ಮೇಲೆ ಬೇರೆ ಪತ್ರ ತೆಗೆಯಲು ಮನಸ್ಸಾಗಲಿಲ್ಲ. ಮಗಳಿಗೆ 13 ವರ್ಷ, ಎಂಟನೇ ಕ್ಲಾಸು. ಈಗ ಕಾಫಿ ಕೊಯ್ಲು, ಗಂಡ ಹೆಂಡತಿ ಇಬ್ಬರೂ ತೋಟದಲ್ಲಿ. ಶಾಲೆಯಿಂದ ಬಂದ ಹುಡುಗಿ ಕತ್ತಲಾಗುವವರೆಗೂ ಇನ್‌ಸ್ಟಾಗ್ರಾಂ ನೋಡುತ್ತಾ ಕೂರುತ್ತಾಳೆ. ಗುರುತಿಲ್ಲದ ಗಂಡಸೊಬ್ಬ ‘ಫೋಟೋ ಕಳಿಸು’ ಎಂದು ಮೆಸೇಜ್ ಹಾಕಿದ್ದು ಕಣ್ಣಿಗೆ ಬಿದ್ದು, ತಾಯಿ ಫೋನ್ ಕಿತ್ತುಕೊಂಡಿದ್ದಾರೆ. ಅವತ್ತಿನಿಂದ ಮಗಳು ಮಾತು ಬಿಟ್ಟಿದ್ದಾಳೆ, ಸರಿಯಾಗಿ ಊಟವೂ ಮಾಡುತ್ತಿಲ್ಲ. ಫೋನ್ ವಾಪಸ್ ಕೊಡಲಾ, ಬೇಡವಾ ಅನ್ನೋದು ಇವರ ಪ್ರಶ್ನೆ.

ತಾಯಿ, ಪತ್ರದ ಎರಡನೇ ಪುಟದಲ್ಲಿ ನೀವು ಸುಮ್ನೆ ಹೀಗೊಂದು ಸಾಲು ಬರೆದಿದ್ದೀರಿ: ‘ಗೌರಿ ಹಬ್ಬಕ್ಕೆ ಬಂದಾಗ ನನ್ನ ತಮ್ಮನೇ ಅಕೌಂಟ್ ಮಾಡಿಕೊಟ್ಟ. ವಯಸ್ಸು ಸಾಲದು ಅಂತ ಹುಟ್ಟಿದ ವರ್ಷ 2003 ಎಂದು ಹಾಕಿದ.’ ಅಷ್ಟು ಹೇಳಿ ಮತ್ತೆ ಮಗಳ ಹಟದ ವಿಷಯಕ್ಕೆ ಹೋಗಿಬಿಟ್ಟಿದ್ದೀರಿ. ನನಗೆ ಇಡೀ ಪತ್ರದಲ್ಲಿ ಮುಖ್ಯ ಅನಿಸಿದ್ದು ಆ ಸಾಲೇ.

ಇನ್‌ಸ್ಟಾಗ್ರಾಂ ಸೇರಲು 13 ತುಂಬಿರಬೇಕು. ಹದಿಹರೆಯದವರ ಅಕೌಂಟಿಗೆ 2024ರಿಂದ ಕಂಪನಿಯೇ ಕೆಲವು ಕಟ್ಟುಪಾಡು ಹಾಕಿದೆ. ಅಕೌಂಟ್ ತಾನಾಗಿಯೇ ಪ್ರೈವೇಟ್ ಆಗುತ್ತದೆ. ಪರಿಚಯವಿಲ್ಲದವರು ಮೆಸೇಜ್ ಮಾಡಲಾಗದು. ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ನೋಟಿಫಿಕೇಶನ್ ಬರುವುದಿಲ್ಲ. 16 ಆಗದ ಮಕ್ಕಳು ಇದನ್ನು ಸಡಿಲ ಮಾಡಬೇಕಾದರೆ ಅಪ್ಪ ಅಮ್ಮ ಒಪ್ಪಬೇಕು. 2003 ಎಂದು ಬರೆದ ಕ್ಷಣದಲ್ಲೇ ನಿಮ್ಮ ಮಗಳು ಇದೆಲ್ಲದರಿಂದ ಹೊರಗಾದಳು. ಅಲ್ಲಿನ ಲೆಕ್ಕದಲ್ಲಿ ಅವಳು ಇಪ್ಪತ್ತು ದಾಟಿದ ಹೆಂಗಸು. ಆ ಗಂಡಸಿಗೆ ದಾರಿ ಸಿಕ್ಕಿದ್ದು ಹಾಗೆ.

ನಿಮಗೆ ಮಗಳ ಮೇಲೆ ಸಿಟ್ಟು. ನನಗೆ ಬಂದದ್ದು ನಿಮ್ಮ ತಮ್ಮನ ಮೇಲೆ. ಅಕ್ಕನಿಗೆ ಬಾಗಿನ ಕೊಡಲು ಬಂದವನು ಹನ್ನೆರಡರ ಹುಡುಗಿಗೆ ಸುಳ್ಳು ವಯಸ್ಸು ಹೇಳುವುದನ್ನು ಕಲಿಸಿ ಹೋದ. ಅವಳು ಮಾವನನ್ನು ನಂಬಿದಳು, ಅಷ್ಟೇ ಅಲ್ವಾ? ತೋಟದ ಮನೆ, ಪಕ್ಕದ ಮನೆಗೆ ಹೋಗಬೇಕಂದ್ರೂ ಒಂದು ಗುಡ್ಡ ಇಳಿದು ಹತ್ತಬೇಕು. ಆ ವಯಸ್ಸಿನಲ್ಲಿ ಗೆಳತಿಯರು ಬೇಕು ಅನಿಸೋದು ಸಹಜ. ಸಂಜೆ ನಿಮ್ಮ ಫೋನಿನಿಂದ ಅವಳು ಗೆಳತಿಯರ ಜೊತೆ ಬೇಕಾದಷ್ಟು ಮಾತಾಡಲಿ.

ಹದಿನಾರರವರೆಗೆ ಸೋಷಿಯಲ್ ಮೀಡಿಯಾ ಬೇಡ ಎಂದು ಈ ಅಂಕಣದಲ್ಲಿ ಹೇಳುತ್ತಲೇ ಬಂದಿದ್ದೇನೆ. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ ಇದು ಕಾನೂನೇ ಆಗಿದೆ. ತಪ್ಪಿದರೆ ದಂಡ ಕಂಪನಿಗೆ. ಮಗುವಿಗೂ ಇಲ್ಲ, ಹೆತ್ತವರಿಗೂ ಇಲ್ಲ. ನಮ್ಮ ಮನೆಗಳಲ್ಲಿ ನೋಡಿ, ಫೋನ್ ಕಳೆದುಕೊಳ್ಳುವವಳೂ ಬೈಸಿಕೊಳ್ಳುವವಳೂ ಆ ಹುಡುಗಿಯೇ.

‘ಈಗ 13 ತುಂಬಿದೆಯಲ್ಲ, ವರ್ಷ ಸರಿ ಮಾಡಿದರೆ ಆಯ್ತು’ ಎಂದು ತಮ್ಮ ಹೇಳಬಹುದು. ಒಪ್ಪಬೇಡಿ. ಇಷ್ಟು ದಿನದಲ್ಲಿ ಬಂದು ಸೇರಿದ ಅಪರಿಚಿತರೆಲ್ಲ ಆ ಅಕೌಂಟಿನಲ್ಲಿ ಹಾಗೇ ಇರುತ್ತಾರೆ.

ಆ ಅಕೌಂಟ್ ಹೋಗಬೇಕು. ಇವತ್ತೇ ತಮ್ಮನಿಗೆ ಫೋನ್ ಮಾಡಿ. ‘ತಪ್ಪು ನನ್ನದು ಪುಟ್ಟೀ’ ಎಂದು ಅವನೇ ಅವಳಿಗೆ ಹೇಳಲಿ. ಆಮೇಲೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆ ಗಂಡಸಿನ ಮೆಸೇಜು, ಅವನ ಅಕೌಂಟ್ ಹೆಸರು ಎರಡರದ್ದೂ ಸ್ಕ್ರೀನ್‌ಶಾಟ್ ತೆಗೆದಿಡಿ. ಫೋಟೋ ಏನಾದರೂ ಕಳಿಸಿದ್ದಾಳಾ ಎಂದು ಮೆಲ್ಲಗೆ ಕೇಳಿ. ಹೌದು ಅಂದರೆ ಒಂದು ಮಾತೂ ಬೈಯಬೇಡಿ. ಏನನ್ನೂ ಅಳಿಸದೆ ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಇಲ್ಲ ಅಂದರೆ ಅವಳ ಕೈಯಿಂದಲೇ ಡಿಲೀಟ್ ಮಾಡಿಸಿ. 30 ದಿನದೊಳಗೆ ಮತ್ತೆ ಲಾಗಿನ್ ಆದರೆ ಅಕೌಂಟ್ ವಾಪಸ್ ಬರುತ್ತದೆ. ಅಲ್ಲಿಯವರೆಗೆ ಆ ಫೋನ್ ನಿಮ್ಮ ಹತ್ತಿರವೇ ಇರಲಿ.