ಫಿಲ್ಟರ್ ಹೌಸ್ ಹೊಸದಾದರೆ ನೀರಿನ ಬಿಲ್ ಏರುತ್ತಾ?

ಪ್ರಶ್ನೆ: ಸರ್, ನಮ್ಮದು ಮೈಸೂರಿನ ಕುವೆಂಪುನಗರ. ನಮ್ಮ ಕಡೆಗೆ ನೀರು ಕೊಡುವ ಶುದ್ಧೀಕರಣ ಘಟಕವನ್ನು ಮೇಲ್ದರ್ಜೆಗೆ ಏರಿಸುತ್ತಾರೆ ಅಂತ ಬೀದಿಯಲ್ಲೆಲ್ಲ ಮಾತು. ಕೋಟಿಗಟ್ಟಲೆ ಖರ್ಚಂತೆ. ಅದೆಲ್ಲ ಕೊನೆಗೆ ನಮ್ಮ ಬಿಲ್ಲಿಗೇ ಬರುತ್ತೆ ಅಲ್ವಾ? ಯಜಮಾನರ ಪೆನ್ಷನ್‌ನಲ್ಲೇ ಮನೆ ನಡೆಯಬೇಕು. ಹೋದ ವರ್ಷ ನಾಲ್ಕು ತಿಂಗಳು ಮೀಟರ್ ನೋಡಲು ಯಾರೂ ಬರಲಿಲ್ಲ, ಆಮೇಲೆ ಒಂದೇ ಸಲ ದೊಡ್ಡ ಬಿಲ್ ಕೊಟ್ಟು ಹೋದರು. ಅದೇ ಭಯ. ಅಷ್ಟಕ್ಕೂ ನಲ್ಲಿಯಲ್ಲಿ ನೀರು ಬರ್ತಾನೇ ಇದೆ, ಈಗಿರುವ ಘಟಕಕ್ಕೆ ಏನಾಗಿದೆ?

ಉತ್ತರ: ನಿಮ್ಮ ಭಯ ನ್ಯಾಯವಾದದ್ದೇ ಅಮ್ಮ. ಆದರೆ ಕಟ್ಟುವ ಖರ್ಚು ಬೇರೆ, ದಿನಾ ನಡೆಸುವ ಖರ್ಚು ಬೇರೆ. ಇವೆರಡನ್ನೂ ಬೇರೆ ಮಾಡಿ ನೋಡಿದರೆ ಅರ್ಧ ಗೊಂದಲ ಹೋಗುತ್ತದೆ. ಕಟ್ಟುವ ದುಡ್ಡಿನ ದೊಡ್ಡ ಪಾಲು ಸಾಮಾನ್ಯವಾಗಿ ಸರ್ಕಾರದ ಅನುದಾನದಿಂದ ಬರುತ್ತದೆ. ಉದಾಹರಣೆಗೆ ಊರುಗಳ ನೀರಿನ ಕೆಲಸಕ್ಕೆ ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ಅಮೃತ್ 2.0 ಯೋಜನೆಯಲ್ಲಿ 1 ಲಕ್ಷದಿಂದ 10 ಲಕ್ಷ ಜನ ಇರುವ ಊರುಗಳಿಗೆ ವೆಚ್ಚದ ಮೂರನೇ ಒಂದು ಭಾಗ ಕೇಂದ್ರದ್ದು, ಉಳಿದದ್ದು ರಾಜ್ಯ ಮತ್ತು ಆ ಊರಿನ ಪಾಲಿಕೆಯದ್ದು. ಪಾಲಿಕೆ ತನ್ನ ಪಾಲಿಗೆ ಸಾಲ ತಂದರೆ ಮಾತ್ರ ಅದರ ಕಂತು ನಿಮ್ಮ ಬಿಲ್ಲಿನ ಕಡೆ ನೋಡುತ್ತದೆ. ಹಾಗಾಗಿ ಎಷ್ಟು ಕೋಟಿ ಅಂತ ಕೇಳುವುದಕ್ಕಿಂತ ಅದರಲ್ಲಿ ಸಾಲ ಎಷ್ಟು ಅಂತ ಕೇಳಿ.

ಈಗಿರುವ ಘಟಕಕ್ಕೆ ಏನಾಗಿದೆ ಅಂದಿರಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೈಸೂರಿಗೆ ಕಾವೇರಿ ನೀರು ಹೊಂಗಳ್ಳಿ, ಬೆಳಗೊಳ, ಮೇಳಾಪುರದ ಕಡೆಯಿಂದ ಬರುತ್ತದೆ, ಜೊತೆಗೆ ಕಬಿನಿ ನೀರೂ ಇದೆ. ಬೇಸಿಗೆಯಲ್ಲಿ ಈ ನೀರು ಹೆಚ್ಚುಕಮ್ಮಿ ತಿಳಿಯಾಗೇ ಇರುತ್ತದೆ. ಕೊಡಗಿನಲ್ಲಿ, ವಯನಾಡಿನಲ್ಲಿ ಮಳೆ ಹಿಡಿದ ಮೇಲೆ ನೋಡಬೇಕು, ಕೆಂಪು ಬಗ್ಗಡ. ಹಿಂದೆ ಮನೆಗಳಲ್ಲಿ ಚಿಲ್ಲದ ಬೀಜ ತೇದು ಹಾಕಿ ಬಗ್ಗಡ ಇಳಿಸುತ್ತಿದ್ದರು, ನೆನಪಿದೆಯಾ? ಫಿಲ್ಟರ್ ಹೌಸ್‌ನಲ್ಲಿ, ಅಂದರೆ ಶುದ್ಧೀಕರಣ ಘಟಕದಲ್ಲಿ, ಅದೇ ಕೆಲಸವನ್ನು ಆಲಂ, ಅಂದರೆ ಪಟಿಕ ಮಾಡುತ್ತದೆ. ಮಣ್ಣಿನ ಸಣ್ಣ ಕಣಗಳು ಒಂದನ್ನೊಂದು ದೂರ ತಳ್ಳುತ್ತಾ ತೇಲುತ್ತಿರುತ್ತವೆ. ಆಲಂ ಬಿದ್ದರೆ ಆ ತಳ್ಳಾಟ ನಿಂತು ಹತ್ತಿಯ ಉಂಡೆಯ ಹಾಗೆ ಗಂಟು ಕಟ್ಟಿಕೊಂಡು ತಳಕ್ಕೆ ಇಳಿಯುತ್ತವೆ. ಹೀಗೆ ಇಳಿಯುವುದಕ್ಕೆ ಸಮಯ ಬೇಕು. ಊರು ಬೆಳೆದ ಹಾಗೆ ಅದೇ ಹಳೇ ತೊಟ್ಟಿಯ ಮೂಲಕ ಜಾಸ್ತಿ ನೀರು ಹರಿಸುತ್ತಾ ಹೋದರೆ ಗಂಟು ತಳ ಮುಟ್ಟುವ ಮೊದಲೇ ನೀರು ಮುಂದೆ ಹೋಗಿಬಿಡುತ್ತದೆ. ಆ ಕೆಸರೆಲ್ಲ ಹೋಗಿ ಮರಳಿನ ಫಿಲ್ಟರ್ ಮೇಲೆ ಕೂರುತ್ತದೆ, ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ, ಅದನ್ನು ತೊಳೆಯಲು ಕೆಳಗಿನಿಂದ ಮೇಲಕ್ಕೆ ಶುದ್ಧ ನೀರನ್ನೇ ನುಗ್ಗಿಸಬೇಕು. ನಾನು ಫಿಲ್ಟರ್ ಹೌಸ್‌ನಲ್ಲಿದ್ದ ವರ್ಷಗಳಲ್ಲಿ ಜುಲೈ ತಿಂಗಳು ಬಂತೆಂದರೆ ಇದೇ ಪಾಡು. ದುಡ್ಡು ಕೊಟ್ಟು ಶುದ್ಧ ಮಾಡಿದ ನೀರು ಚರಂಡಿಗೆ ಹೋಗುವುದನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು.

ಕುಡಿಯುವ ನೀರಿನ ಬಗ್ಗಡವನ್ನು ಎನ್‌ಟಿಯು ಅನ್ನುವ ಅಳತೆಯಲ್ಲಿ ನೋಡುತ್ತಾರೆ. ನಮ್ಮ ದೇಶದ ಮಾನದಂಡ ಐಎಸ್ 10500ರ ಪ್ರಕಾರ ಅದು 1 ಮೀರಬಾರದು, ಬೇರೆ ದಾರಿಯೇ ಇಲ್ಲದಿದ್ದರೆ 5ರ ತನಕ ಒಪ್ಪಬಹುದು. ಇದು ಸುಮ್ನೆ ಚೆಂದಕ್ಕೆ ಇಟ್ಟ ಲೆಕ್ಕ ಅಲ್ಲ. ಬಗ್ಗಡದ ಕಣದ ಮರೆಯಲ್ಲಿ ಕೂತ ರೋಗಾಣುವಿಗೆ ಕ್ಲೋರಿನ್ ಸರಿಯಾಗಿ ತಾಗುವುದಿಲ್ಲ. ನಲ್ಲಿಯಲ್ಲಿ ನೀರು ಬರುತ್ತಿದೆ ಅನ್ನುವುದಷ್ಟೇ ಸಾಲದು, ಮಳೆಗಾಲದಲ್ಲೂ ಮಗುವಿಗೆ ಧೈರ್ಯವಾಗಿ ಕುಡಿಸುವ ಹಾಗಿರಬೇಕು. ಮೇಲ್ದರ್ಜೆ ಅಂದರೆ ಎಲ್ಲವನ್ನೂ ಒಡೆದು ಕಟ್ಟಬೇಕು ಅಂತಲೂ ಇಲ್ಲ. ಹಳೇ ತೊಟ್ಟಿಯೊಳಗೇ ಓರೆ ಕೊಳವೆಗಳ ಕಟ್ಟು ಕೂರಿಸಿದರೆ ಗಂಟು ಬೇಗ ಇಳಿಯುತ್ತದೆ. ಮರಳು ಬದಲಿಸಬಹುದು. ಫಿಲ್ಟರ್ ತೊಳೆದ ನೀರನ್ನು ತಿಳಿಗೊಳಿಸಿ ಮತ್ತೆ ಮೊದಲ ತೊಟ್ಟಿಗೇ ಬಿಡಬಹುದು.

ಇನ್ನು ನಡೆಸುವ ಖರ್ಚು. ಇಲ್ಲಿ ದೊಡ್ಡ ಹೊರೆ ಕರೆಂಟು. ಸಾವಿರ ಲೀಟರ್ ನೀರನ್ನು ನೂರು ಮೀಟರ್ ಮೇಲಕ್ಕೆ ಎತ್ತಲು ಒಳ್ಳೆಯ ಪಂಪಿಗೆ ಸುಮಾರು 0.4 ಯೂನಿಟ್ ಸಾಕು. ಸವೆದ ಹಳೇ ಪಂಪು ಅದೇ ಕೆಲಸಕ್ಕೆ 0.5, 0.6 ತಿನ್ನುತ್ತದೆ. ದಿನಕ್ಕೆ ಕೋಟಿಗಟ್ಟಲೆ ಲೀಟರ್ ಎತ್ತುವ ಕಡೆ ಈ ವ್ಯತ್ಯಾಸ ಎಷ್ಟಾಗುತ್ತೆ ನೀವೇ ಗುಣಿಸಿ ನೋಡಿ. ಅಂದರೆ ಪಂಪು ಬದಲಿಸುವ ಕೆಲಸವೂ ಯೋಜನೆಯಲ್ಲಿದ್ದರೆ ಕೆಲವು ಖರ್ಚು ಇಳಿಯಲೂಬೇಕು. ಏರುವುದನ್ನು ಮಾತ್ರ ಹೇಳಿ ಇಳಿಯುವುದನ್ನು ಹೇಳದೇ ಇದ್ದರೆ ಒಪ್ಪಬೇಡಿ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ದರ ಏರಿಸುವ ಮೊದಲು ಸೋರಿಕೆ ನಿಲ್ಲಿಸಬೇಕು. ಶುದ್ಧ ಮಾಡಿ, ಎತ್ತಿ, ಊರತನಕ ತಂದ ನೀರು ರಸ್ತೆಯ ಕೆಳಗೆ ಇಂಗಿ ಹೋದರೆ ಅದರ ಖರ್ಚನ್ನು ಹೊರುವವರು ಪ್ರಾಮಾಣಿಕವಾಗಿ ಬಿಲ್ ಕಟ್ಟುವ ನಿಮ್ಮಂಥವರೇ. ಮತ್ತು ಕೆಳಗಿನ ಸ್ಲ್ಯಾಬಿನ, ಅಂದರೆ ಕಡಿಮೆ ಬಳಸುವವರ ಹಂತದ, ದರ ಮುಟ್ಟಬಾರದು. ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನುವುದು ಊರುಗಳಿಗೆ ಹಾಕಿಕೊಂಡ ಲೆಕ್ಕ. ನಾಲ್ಕು ಜನರ ಮನೆಗೆ ತಿಂಗಳಿಗೆ 16 ಸಾವಿರ ಲೀಟರ್ ಆಯಿತು. ಅಷ್ಟು ಬಳಸುವ ಮನೆಗೆ ಹೊರೆ ಬೀಳದ ಹಾಗೆ, ಅದಕ್ಕಿಂತ ತುಂಬಾ ಜಾಸ್ತಿ ಬಳಸುವವರ ಮೇಲೆ ಹಾಕಲಿ.

ನಾಲ್ಕು ತಿಂಗಳ ಬಿಲ್ ವಿಷಯ. ಅಲ್ಲಿ ನೀವು ನೋಡಬೇಕಾದದ್ದು ಒಂದೇ. ತಿಂಗಳಿಗೆ 16 ಸಾವಿರದ ಹಾಗೆ ನಾಲ್ಕು ತಿಂಗಳಿಗಾಗುವ 64 ಸಾವಿರ ಲೀಟರನ್ನು ಒಂದೇ ತಿಂಗಳ ಬಳಕೆ ಅಂತ ಹಿಡಿದರೆ ಅದರ ಬಹುಪಾಲು ಮೇಲಿನ ಸ್ಲ್ಯಾಬಿಗೆ ಹಾರಿ ದರ ಏರಿಬಿಡುತ್ತದೆ. ಹಿಂದಿನ ರೀಡಿಂಗ್ ತಾರೀಕು ಮತ್ತು ಈ ಸಲದ ತಾರೀಕು ಎರಡೂ ಬಿಲ್ಲಿನಲ್ಲಿದೆಯಾ ನೋಡಿ, ತಿಂಗಳುವಾರು ಭಾಗ ಮಾಡಿ ಲೆಕ್ಕ ಹಾಕಿಕೊಡಿ ಅಂತ ಬರಹದಲ್ಲಿ ಕೇಳಿ, ಅರ್ಜಿಯ ಪ್ರತಿಗೆ ಸೀಲು ಹಾಕಿಸಿಕೊಳ್ಳದೆ ವಾಪಸ್ ಬರಬೇಡಿ. ಇನ್ನು ಮುಂದೆ ಪ್ರತಿ ತಿಂಗಳು ಒಂದೇ ತಾರೀಕಿಗೆ ಮೀಟರಿನ ಫೋಟೋ ತೆಗೆದಿಟ್ಟುಕೊಳ್ಳಿ. ಯೋಜನೆಯ ಸಾಲ, ಪಂಪು, ಸೋರಿಕೆಯ ಲೆಕ್ಕವನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಲಿ, 150 ಪದ ಮೀರದಿರಲಿ. ವಿಷಯ ಹೆಚ್ಚಾದರೆ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಟ್ಟು ಉಳಿದದ್ದಕ್ಕೆ ಬೇರೆ ಅರ್ಜಿ ಹಾಕಿ ಅನ್ನಬಹುದು.

ಪ್ರಶ್ನೆ: ಮಂಡ್ಯದ ವಿದ್ಯಾನಗರದಿಂದ ಬರೆಯುತ್ತಿದ್ದೇನೆ. ನೀರು ಬಿಡುವ ಮುಂಚೆ ನಲ್ಲಿಯಲ್ಲಿ ಬುಸ್ ಅಂತ ಗಾಳಿ ಬರುತ್ತೆ, ಆಗಲೂ ಮೀಟರ್ ಗಿರ್ರನೆ ತಿರುಗುತ್ತೆ. ಗಾಳಿಗೂ ನಾವು ದುಡ್ಡು ಕೊಡ್ತಿದ್ದೀವಾ?

ಉತ್ತರ: ಹೌದು, ಸ್ವಲ್ಪ ಕೊಡುತ್ತಿದ್ದೀರಿ. ನೀರು ನಿಂತಾಗ ಪೈಪು ಖಾಲಿಯಾಗಿ ಗಾಳಿ ತುಂಬುತ್ತದೆ, ಮತ್ತೆ ನೀರು ಬಿಟ್ಟಾಗ ಅದು ಗಾಳಿಯನ್ನು ಮುಂದೆ ತಳ್ಳಿಕೊಂಡು ಬರುತ್ತದೆ. ಮೀಟರಿನ ಚಕ್ರಕ್ಕೆ ಗಾಳಿ ಯಾವುದು, ನೀರು ಯಾವುದು ಗೊತ್ತಾಗುವುದಿಲ್ಲ. ಗಾಳಿ ಶುರುವಾದಾಗ ಒಂದು ರೀಡಿಂಗ್, ನೀರು ಬಿದ್ದ ಕೂಡಲೇ ಇನ್ನೊಂದು, ಹೀಗೆ ಒಂದು ವಾರ ಬರೆದಿಡಿ. ಆ ಚೀಟಿ ಹಿಡಿದು ಹೋಗಿ ನಿಮ್ಮ ಬೀದಿಯ ಲೈನಿನಲ್ಲಿ ಏರ್ ವಾಲ್ವ್ ಕೆಲಸ ಮಾಡುತ್ತಿದೆಯಾ ಅಂತ ಕೇಳಿ, ಗಾಳಿ ಹೊರಗೆ ಹೋಗಬೇಕಾದ ದಾರಿ ಅದು.

ಆದರೆ ಬಿಲ್ ತುಂಬಾ ಜಾಸ್ತಿ ಬರುತ್ತಿದ್ದರೆ ಗಾಳಿಯ ಮೇಲೆ ಹಾಕುವ ಮೊದಲು ಸಂಪು ನೋಡಿ. ರಾತ್ರಿ ಮಲಗುವ ಮುಂಚೆ ಒಳಗೆ ನೀರು ಬರುವ ವಾಲ್ವ್ ಮುಚ್ಚಿ, ಮೋಟಾರ್ ಹಾಕಬೇಡಿ, ನೀರು ಇರುವ ಮಟ್ಟಕ್ಕೆ ಗೋಡೆ ಮೇಲೆ ಇದ್ದಿಲಲ್ಲಿ ಒಂದು ಗೆರೆ ಎಳೆಯಿರಿ. ಆರು ಅಡಿಗೆ ಎಂಟು ಅಡಿ ಸಂಪಿನಲ್ಲಿ ಬೆಳಿಗ್ಗೆ ಹೊತ್ತಿಗೆ ಒಂದು ಅಂಗುಲ ಇಳಿದಿದ್ದರೆ ನೂರಹತ್ತು ಲೀಟರಿಗೂ ಹೆಚ್ಚು ನೀರು ಮಣ್ಣಿಗೆ ಹೋಗಿದೆ ಅಂತ ಅರ್ಥ. ತಿಂಗಳಿಗೆ ಲೆಕ್ಕ ಹಾಕಿದರೆ, ರಾತ್ರಿ ಹೊತ್ತಿನದೇ ಮೂರು ಸಾವಿರ ಲೀಟರ್ ದಾಟುತ್ತದೆ. ಇಳಿದಿದ್ದರೆ ಮೊದಲು ಗಾರೆಯವರನ್ನು ಕರೆಸಿ, ಮೀಟರ್ ದೂರು ಆಮೇಲೆ.