ಸೇವಾ ಕ್ಲಬ್ಬಿಗೆ ಸೇರಿದರೆ ನಿಜವಾಗಿ ಕೆಲಸ ಇರುತ್ತಾ, ಅಥವಾ ಸುಮ್ನೆ ಮೀಟಿಂಗ್, ಫೋಟೋ ಅಷ್ಟೇನಾ?

ನೀವು ಬರೆದಿರುವುದು ಇಷ್ಟು: ಪರಿಚಯದವರೊಬ್ಬರು ತಮ್ಮ ಸೇವಾ ಕ್ಲಬ್ಬಿಗೆ ಸೇರಿ ಎಂದು ಕರೆಯುತ್ತಿದ್ದಾರೆ. ನಿಮಗೆ ಬಿಡುವು ಸಿಗುವುದು ಭಾನುವಾರ ಮಾತ್ರ. ಅಲ್ಲಿ ಸೇವೆ ನಡೆಯುತ್ತದೋ, ಎಲ್ಲವೂ ಭಾಷಣ ಮತ್ತು ಫೋಟೋದಲ್ಲೇ ಮುಗಿಯುತ್ತದೋ ಎಂಬ ಅನುಮಾನ. ಸದಸ್ಯತ್ವದ ದುಡ್ಡು ಕಟ್ಟುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು.

ರೋಟರಿ, ಲಯನ್ಸ್ ಥರದ ಇಂಥದ್ದೇ ಒಂದು ಕ್ಲಬ್ಬಿನಲ್ಲಿ ನಾನು ಹಲವು ವರ್ಷಗಳಿಂದ ಇದ್ದೇನೆ. ಎರಡೂ ನಡೆಯುತ್ತದೆ, ಯಾವುದು ಜಾಸ್ತಿ ಎನ್ನುವುದು ಕ್ಲಬ್ಬಿನಿಂದ ಕ್ಲಬ್ಬಿಗೆ ಬೇರೆ. ಕಂಡುಹಿಡಿಯಲು ನಾನು ನಂಬುವ ದಾರಿ ಒಂದೇ. ಶಿಬಿರದ ದಿನ ಏನಾಯಿತು ಎಂದು ಕೇಳಬೇಡಿ. ಅದರ ಮಾರನೇ ದಿನದಿಂದ ಯಾರು, ಏನು ಮಾಡಿದರು ಎಂದು ಕೇಳಿ.

ಕಣ್ಣಿನ ತಪಾಸಣೆ ಶಿಬಿರವನ್ನೇ ತೆಗೆದುಕೊಳ್ಳಿ. ಡಾಕ್ಟರು ಬರುವ ಮೊದಲೇ ನಾವು ಅಲ್ಲಿರಬೇಕು. ಗೋಡೆಗೆ ಚಾರ್ಟ್ ಹಾಕಿ, ಟೇಪ್ ಹಿಡಿದು 6 ಮೀಟರ್ ಅಳೆದು, ನೆಲದ ಮೇಲೆ ಗೆರೆ ಎಳೆಯಬೇಕು. ಚಾರ್ಟಿನ ಮೇಲೆ ಬೆಳಕು ಸರಿಯಾಗಿ ಬೀಳಬೇಕು. ಓದು ಬಾರದವರಿಗೆ ಇಂಗ್ಲಿಷಿನ 'ಇ' ಅಕ್ಷರವನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ಬರೆದ ಚಾರ್ಟ್ ಇರುತ್ತದೆ. ಅದರ ಕಾಲುಗಳು ಯಾವ ಕಡೆಗಿವೆ ಎಂದು ಕೈಯಲ್ಲಿ ತೋರಿಸಿದರೆ ಸಾಕು. ಒಂದು ಕಣ್ಣು ಮುಚ್ಚಿಕೊಳ್ಳಿ ಅಂದರೆ ಎಷ್ಟೋ ಜನ ಅಂಗೈಯಿಂದ ಕಣ್ಣನ್ನು ಒತ್ತಿಬಿಡುತ್ತಾರೆ. ಕೈ ತೆಗೆದ ಮೇಲೆ ಆ ಕಣ್ಣಿಗೆ ಸ್ವಲ್ಪ ಹೊತ್ತು ಎಲ್ಲ ಮಂಜು ಮಂಜು. ಆಗ ಅಳತೆ ತಪ್ಪುತ್ತದೆ. ಬೆರಳ ಸಂದಿಯಿಂದ ನೋಡುವವರೂ ಇದ್ದಾರೆ. ಅದಕ್ಕೇ ಕೈಗೆ ಒಂದು ರಟ್ಟಿನ ತುಂಡು ಕೊಡುತ್ತೇವೆ. ಇದಕ್ಕೆ ವೈದ್ಯರೇ ಬೇಕಿಲ್ಲ, ತಾಳ್ಮೆ ಇರುವ ಒಬ್ಬ ಮನುಷ್ಯ ಸಾಕು. ನಿಮ್ಮ ಮೊದಲ ಭಾನುವಾರ ಬಹುಶಃ ಈ ರಟ್ಟು ಹಿಡಿದುಕೊಂಡೇ ಕಳೆಯುತ್ತದೆ.

ಮಧ್ಯಾಹ್ನದ ಹೊತ್ತಿಗೆ ಪೊರೆ ಆಪರೇಷನ್ ಆಗಬೇಕಾದವರ ಪಟ್ಟಿ ಸಿದ್ಧವಾಗುತ್ತದೆ. ಫೋಟೋ ತೆಗೆಯುವುದು ಈ ಹೊತ್ತಿಗೇ. ಕಷ್ಟದ ಕೆಲಸ ಶುರುವಾಗುವುದೂ ಆಗಲೇ. ಪಟ್ಟಿಯಲ್ಲಿರುವ ಎಲ್ಲರೂ ಆಸ್ಪತ್ರೆಗೆ ಬರುವುದಿಲ್ಲ. ಒಬ್ಬರಿಗೆ ಭಯ. ಒಬ್ಬರಿಗೆ ಜೊತೆಗೆ ಬರುವವರಿಲ್ಲ. ಇನ್ನೊಬ್ಬರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಬಿಟ್ಟು ಬರುವ ಹಾಗಿಲ್ಲ. ಬಂದವರಲ್ಲೂ ಕೆಲವರಿಗೆ ಅವತ್ತು ಶುಗರ್ ಅಥವಾ ಬಿಪಿ ಜಾಸ್ತಿ ಇದ್ದು, ಆಪರೇಷನ್ ಮುಂದಕ್ಕೆ ಹೋಗುತ್ತದೆ. ಹೀಗೆ ವಾಪಸ್ ಹೋದವರು ತಾವಾಗಿ ಮತ್ತೆ ಬರುವುದು ಕಡಿಮೆ. ಯಾರಾದರೂ ಫೋನ್ ಮಾಡಬೇಕು. ಮಾತ್ರೆ ತಗೊಂಡ್ರಾ, ಮತ್ತೆ ಚೆಕ್ ಮಾಡಿಸಿದ್ರಾ, ಬರುವ ವಾರ ಗಾಡಿ ಕಳಿಸಲಾ ಎಂದು ಕೇಳಬೇಕು.

ಆಪರೇಷನ್ ಆದ ಮೇಲೂ ಮುಗಿಯುವುದಿಲ್ಲ. ವಾರಗಟ್ಟಲೆ ಡ್ರಾಪ್ಸ್ ಹಾಕಬೇಕು. ಕೈ ತೊಳೆದುಕೊಳ್ಳಬೇಕು, ಬಾಟಲಿಯ ಮೂತಿ ಕಣ್ಣಿಗೆ ತಾಗಬಾರದು, ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ 5 ನಿಮಿಷ ಬಿಡಬೇಕು. ಆಸ್ಪತ್ರೆಯಲ್ಲಿ ಹೇಳಿರುತ್ತಾರೆ, ನಿಜ. ಆದರೆ ಗಾಬರಿಯಲ್ಲಿದ್ದ ಹಿರಿಯರಿಗೆ ಅದು ತಲೆಗೆ ಹೋಗಿರುವುದಿಲ್ಲ. ಒಬ್ಬ ಸದಸ್ಯ ಮನೆಗೆ ಹೋಗಿ, ಮಗಳಿಗೋ ಸೊಸೆಗೋ ಒಮ್ಮೆ ಹಾಕಿಸಿ ತೋರಿಸಿ ಬಂದರೆ ದೊಡ್ಡ ಉಪಕಾರ. ಕಣ್ಣು ನೋಯುತ್ತಿದೆ, ಕೆಂಪಗಾಗುತ್ತಿದೆ, ದೃಷ್ಟಿ ಮತ್ತೆ ಮಂಕಾಗುತ್ತಿದೆ ಅಂದರೆ ನಾಳೆ ನೋಡೋಣ ಅನ್ನುವಂತಿಲ್ಲ, ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು. ಇದನ್ನು ಹೇಳಿಕೊಟ್ಟ ಕ್ಲಬ್ಬೇ ಶಿಬಿರವನ್ನು ಪೂರ್ತಿ ಮಾಡಿದೆ ಎಂದು ನಾನು ಹೇಳುತ್ತೇನೆ.

ರಕ್ತದಾನಕ್ಕೂ ಇದೇ ಮಾತು. ದೊಡ್ಡ ದಿನ ನೋಡಿ ಒಂದೇ ಸಲ ನೂರಾರು ಯೂನಿಟ್ ಸಂಗ್ರಹಿಸಿದೆವು ಎಂದರೆ ಕೇಳಲು ಚೆನ್ನಾಗಿರುತ್ತದೆ. ಆದರೆ ಕೆಂಪು ರಕ್ತಕಣಗಳನ್ನು ಸಾಮಾನ್ಯವಾಗಿ 42 ದಿನಕ್ಕಿಂತ ಹೆಚ್ಚು ಇಡಲಾಗುವುದಿಲ್ಲ. ಪ್ಲೇಟ್‌ಲೆಟ್‌ಗಳ ಬಾಳಿಕೆ ಸುಮಾರು 5 ದಿನ ಮಾತ್ರ. ಒಂದೇ ದಿನ ರಾಶಿ ಬಂದರೆ ಬ್ಲಡ್ ಬ್ಯಾಂಕಿಗೆ ಅದನ್ನು ಅವಧಿಯೊಳಗೆ ಬಳಸುವುದೇ ಕಷ್ಟ. ಎರಡು ತಿಂಗಳ ನಂತರ ಯಾರಿಗೋ ರಕ್ತ ಬೇಕಾದಾಗ ಆ ರಾಶಿಯಿಂದ ಪ್ರಯೋಜನವಿಲ್ಲ. ಚೆನ್ನಾಗಿ ನಡೆಯುವ ಕ್ಲಬ್ಬುಗಳು ಮೊದಲು ಬ್ಲಡ್ ಬ್ಯಾಂಕನ್ನು ಕೇಳುತ್ತವೆ, ನಿಮಗೆ ಯಾವಾಗ ಕೊರತೆ ಬೀಳುತ್ತದೆ ಎಂದು. ಆಮೇಲೆ ದಾನಿಗಳನ್ನು ವರ್ಷದುದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ ಕಳಿಸುತ್ತವೆ. ರಕ್ತದ ಗುಂಪಿನ ಪಟ್ಟಿ ಇಟ್ಟುಕೊಂಡು, ಯಾರು ಯಾವಾಗ ಕೊಟ್ಟರು ಎಂದು ಬರೆದಿಡುವ ಒಬ್ಬರು ಬೇಕು. ಆ ಕೆಲಸ ಮನೆಯಲ್ಲೇ ಕೂತು ಮಾಡಬಹುದು.

ಗಿಡ ನೆಡುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊದಲ ಬೇಸಿಗೆಯಲ್ಲಿ ನೀರು ಹಾಕುವವರ ಹೆಸರು ಗೊತ್ತಿಲ್ಲದಿದ್ದರೆ ಗುಂಡಿ ತೋಡುವುದೇ ಬೇಡ.

ಹಳೆ ಕನ್ನಡಕ ಸಂಗ್ರಹಿಸಿ ಹಂಚುವ ಯೋಜನೆಯೂ ಎಷ್ಟೋ ಕಡೆ ಇದೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಆದರೆ ಒಬ್ಬರ ನಂಬರ್ ಇನ್ನೊಬ್ಬರಿಗೆ ಹೊಂದುವುದು ಅಪರೂಪ. ಎರಡು ಕಣ್ಣಿಗೆ ಎರಡು ನಂಬರ್ ಇರುತ್ತದೆ, ಗಾಜಿನಲ್ಲಿ ಗೀರು ಬಿದ್ದಿರುತ್ತದೆ, ತೊಳೆದು, ಅಳೆದು, ವಿಂಗಡಿಸಿ ಸಾಗಿಸುವ ಖರ್ಚು ಬೇರೆ. ಅದೇ ದುಡ್ಡಿನಲ್ಲಿ ಹೊಸ ಕನ್ನಡಕ ಮಾಡಿಸುವುದು ಮೇಲು ಎಂದು ಕಣ್ಣಿನ ಆರೋಗ್ಯದ ಕ್ಷೇತ್ರದಲ್ಲಿ ದುಡಿಯುವ ಅನೇಕರು ಹೇಳುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ. ನೀವು ಸೇರುವ ಕ್ಲಬ್ಬಿನಲ್ಲಿ ಇಂಥ ಯೋಜನೆ ಇದ್ದರೆ ಮೀಟಿಂಗಿನಲ್ಲಿ ಧೈರ್ಯವಾಗಿ ಈ ಮಾತು ಎತ್ತಿ. ಕೇಳಿಸಿಕೊಳ್ಳುತ್ತಾರೋ ಇಲ್ಲವೋ ಎನ್ನುವುದೂ ಒಂದು ಪರೀಕ್ಷೆಯೇ.

ಈ ಕ್ಲಬ್ಬುಗಳು ಸೇವೆಗಾಗಿಯೇ ಹುಟ್ಟಿದವು ಎಂದು ಅನೇಕರು ತಿಳಿದಿದ್ದಾರೆ. ಎಲ್ಲವೂ ಹಾಗಲ್ಲ. 1905ರ ಫೆಬ್ರವರಿ 23ರಂದು ಶಿಕಾಗೋದಲ್ಲಿ ವಕೀಲ ಪಾಲ್ ಹ್ಯಾರಿಸ್ ಮೂವರು ಗೆಳೆಯರೊಂದಿಗೆ ಸೇರಿ ರೋಟರಿ ಶುರು ಮಾಡಿದಾಗ ಉದ್ದೇಶ ಸ್ನೇಹ ಮತ್ತು ವ್ಯವಹಾರದ ಪರಿಚಯ. ಸರದಿಯಂತೆ ಒಬ್ಬೊಬ್ಬರ ಆಫೀಸಿನಲ್ಲಿ ಸೇರುತ್ತಿದ್ದರು, ಇಂಗ್ಲಿಷಿನಲ್ಲಿ ಸರದಿಗೆ 'ರೊಟೇಶನ್' ಅನ್ನುತ್ತಾರಲ್ಲ, ಹೆಸರು ಬಂದದ್ದೂ ಅದರಿಂದಲೇ. ಊರಿಗಾಗಿ ಅವರು ಕೈ ಹಾಕಿದ ಮೊದಲ ಕೆಲಸಗಳಲ್ಲಿ ಒಂದು ಸಾರ್ವಜನಿಕ ಶೌಚಾಲಯ. ಲಯನ್ಸ್ ಕೂಡ ಶಿಕಾಗೋದಲ್ಲೇ, 1917ರಲ್ಲಿ. ವ್ಯಾಪಾರಿಗಳ ಕೂಟದಲ್ಲಿದ್ದ ಮೆಲ್ವಿನ್ ಜೋನ್ಸ್, ನಮ್ಮ ಲಾಭ ನೋಡಿಕೊಂಡರೆ ಸಾಕೇ, ಊರಿಗೆ ಏನಾದರೂ ಮಾಡಬೇಡವೇ ಎಂದು ಕೇಳಿದರು. 1925ರಲ್ಲಿ, ಕಣ್ಣು ಕಾಣದ, ಕಿವಿ ಕೇಳದ ಅಮೆರಿಕದ ಲೇಖಕಿ ಹೆಲೆನ್ ಕೆಲ್ಲರ್ ಲಯನ್ಸ್ ಸಮಾವೇಶಕ್ಕೆ ಬಂದು, ಕಣ್ಣು ಕಾಣದವರ ಪರವಾಗಿ ನಿಲ್ಲಿ ಎಂದು ಕೇಳಿಕೊಂಡರು. ಇವತ್ತು ಲಯನ್ಸ್ ಎಂದರೆ ಕಣ್ಣಿನ ಶಿಬಿರ ಎಂದು ಜನರಿಗೆ ನೆನಪಾಗುವುದರ ಬೇರು ಅಲ್ಲಿದೆ.

ನನಗೆ ಬಹಳ ಇಷ್ಟವಾದ ಸಂಗತಿ ಪಿಯೋರಿಯಾ ಊರಿನದು. ಅದು ಅಮೆರಿಕದ ಇಲಿನಾಯ್ ರಾಜ್ಯದಲ್ಲಿದೆ. ಅಂಧರೊಬ್ಬರು ಕಪ್ಪು ಕೋಲು ಹಿಡಿದು ರಸ್ತೆ ದಾಟುವಾಗ ಗಾಡಿಯವರಿಗೆ ಆ ಕೋಲು ಕಾಣುತ್ತಿರಲಿಲ್ಲ. ಅದನ್ನು ಗಮನಿಸಿದ ಅಲ್ಲಿನ ಲಯನ್ಸ್ ಕ್ಲಬ್ 1930ರಲ್ಲಿ ಕೋಲುಗಳಿಗೆ ಬಿಳಿ ಬಣ್ಣ ಹಚ್ಚಿ, ಕೆಂಪು ಪಟ್ಟಿ ಎಳೆದು ಹಂಚಿತು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಬಿಳಿ ಕೋಲು ಹಿಡಿದವರಿಗೆ ಗಾಡಿಗಳು ದಾರಿ ಬಿಡಬೇಕು ಎಂಬ ನಿಯಮವೂ ಆ ಊರಿನಲ್ಲಿ ಬಂತು. ಖರ್ಚು ಒಂದಿಷ್ಟು ಬಣ್ಣದ್ದು. ಹಿಂದಿನ ಯೋಚನೆ ನೋಡಿ ಎಷ್ಟು ದೊಡ್ಡದು.

ಈಗ ಒಂದು ತೊಡಕಿನ ವಿಷಯ. ಇಂಥ ಕ್ಲಬ್ಬುಗಳಲ್ಲಿ ಅಧ್ಯಕ್ಷರ ಅವಧಿ ಸಾಮಾನ್ಯವಾಗಿ ಒಂದೇ ವರ್ಷ. ರೋಟರಿ ಮತ್ತು ಲಯನ್ಸ್‌ನಲ್ಲಿ ಜುಲೈ 1ಕ್ಕೆ ಹೊಸಬರು ಬರುತ್ತಾರೆ. ಇದರಿಂದ ಯಾರೂ ಕುರ್ಚಿಗೆ ಅಂಟಿಕೊಳ್ಳುವುದಿಲ್ಲ, ಎಲ್ಲರಿಗೂ ಅವಕಾಶ ಸಿಗುತ್ತದೆ. ಆದರೆ ಹೊಸ ಅಧ್ಯಕ್ಷರಿಗೆ ತಮ್ಮದೇ ಹೆಸರಿನ ಹೊಸ ಪ್ರಾಜೆಕ್ಟ್ ಮಾಡುವ ಆಸೆ. ಹಳೆಯದು ಅರ್ಧಕ್ಕೆ ನಿಲ್ಲುತ್ತದೆ. ಕಳೆದ ವರ್ಷ ಶಾಲೆಗೆ ಕೊಟ್ಟ ನೀರಿನ ಫಿಲ್ಟರ್ ಕೆಟ್ಟು ಕೂತಿರುತ್ತದೆ, ಈ ವರ್ಷ ಬೇರೆ ಶಾಲೆಗೆ ಮತ್ತೊಂದು ಫಿಲ್ಟರ್ ಕೊಟ್ಟು ಫಲಕ ಹಾಕುತ್ತಾರೆ. ನನಗೆ ನಿಜಕ್ಕೂ ನೋವಾಗುವುದು ಇದಕ್ಕೇ.

ಆದರೂ ಬೇರೆ ರೀತಿ ಸಾಧ್ಯ ಎಂಬುದಕ್ಕೆ ಪೋಲಿಯೋ ಕೆಲಸವೇ ಸಾಕ್ಷಿ. ರೋಟರಿ 1979ರಲ್ಲಿ ಫಿಲಿಪ್ಪೀನ್ಸ್‌ನ ಮಕ್ಕಳಿಗೆ ಪೋಲಿಯೋ ಲಸಿಕೆ ಹಾಕಿಸುವ ಯೋಜನೆ ಹಿಡಿಯಿತು. 1985ರಲ್ಲಿ ಪೋಲಿಯೋ ಪ್ಲಸ್ ಹೆಸರಿನಲ್ಲಿ ಅದನ್ನು ಜಗತ್ತಿಗೆಲ್ಲ ವಿಸ್ತರಿಸಿತು. 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮುಂತಾದವರ ಜೊತೆ ಸೇರಿ ಜಾಗತಿಕ ಅಭಿಯಾನ ಶುರುವಾದಾಗ, 125ಕ್ಕೂ ಹೆಚ್ಚು ದೇಶಗಳಲ್ಲಿ ವರ್ಷಕ್ಕೆ ಅಂದಾಜು 3.5 ಲಕ್ಷ ಮಕ್ಕಳು ಪೋಲಿಯೋದಿಂದ ಕೈಕಾಲಿನ ಶಕ್ತಿ ಕಳೆದುಕೊಳ್ಳುತ್ತಿದ್ದರು. ಅದು ಶೇ. 99ಕ್ಕಿಂತ ಹೆಚ್ಚು ಇಳಿದಿದೆ. ಅಷ್ಟು ವರ್ಷವೂ ಪ್ರತಿ ಜುಲೈಗೆ ಅಧ್ಯಕ್ಷರು ಬದಲಾಗುತ್ತಲೇ ಇದ್ದರು, ಕೆಲಸ ಬದಲಾಗಲಿಲ್ಲ. ಮನೆಮನೆಗೆ ಹೋಗಿ ಹನಿ ಹಾಕಿಸಲು ನೆರವಾದ, ಲಸಿಕೆಯ ಐಸ್ ಡಬ್ಬಿ ಹೊತ್ತ ಸದಸ್ಯರು ನಮ್ಮ ನಿಮ್ಮಂಥವರೇ.

ಇನ್ನು ಸದಸ್ಯರ ಚಟುವಟಿಕೆ. ಮೀಟಿಂಗ್ ವಾರಕ್ಕೊಮ್ಮೆ ಅಥವಾ ತಿಂಗಳಿಗೆ ಎರಡು ಸಲ ಇರುತ್ತದೆ. ರೋಟರಿಯಲ್ಲಿ ವಾರಕ್ಕೊಮ್ಮೆ ಸೇರಲೇಬೇಕೆಂಬ ನಿಯಮ 2016ರಿಂದ ಸಡಿಲಾಗಿದೆ. ಗಂಟೆ ಬಾರಿಸಿ ಶುರು, ಕಾರ್ಯದರ್ಶಿಯ ವರದಿ, ಒಬ್ಬ ಅತಿಥಿಯ ಮಾತು, ಆಮೇಲೆ ಊಟ, ಹರಟೆ. ಪ್ರವಾಸ, ಆಟ, ಕುಟುಂಬದವರ ಕೂಟ ಎಲ್ಲ ಇರುತ್ತದೆ. ಇದನ್ನು ಹೊರಗಿನವರು ಮೋಜು ಎಂದು ತಳ್ಳಿಹಾಕುತ್ತಾರೆ. ನಾನು ಒಪ್ಪುವುದಿಲ್ಲ. ಭಾನುವಾರ ಬೆಳಿಗ್ಗೆ 6 ಗಂಟೆಗೆ ಕುರ್ಚಿ ಹೊರಲು ಯಾರೂ ನಿಯಮಕ್ಕೆ ಹೆದರಿ ಬರುವುದಿಲ್ಲ. ಗೆಳೆಯ ಕರೆದ ಎಂದು ಬರುತ್ತಾರೆ. ಆ ಗೆಳೆತನ ಬೆಳೆಯುವುದು ಹರಟೆಯಲ್ಲೇ ಅಲ್ವಾ? ಹರಟೆ ಮಾತ್ರ ಇದ್ದು ಭಾನುವಾರದ ಕುರ್ಚಿ ಇಲ್ಲದಿದ್ದರೆ ಆಗ ಯೋಚಿಸಿ.

ನೀವು ಹೆಣ್ಣುಮಕ್ಕಳೋ ಗಂಡಸರೋ ಗೊತ್ತಿಲ್ಲ, ಇವತ್ತು ಅದು ಅಡ್ಡಿಯೂ ಅಲ್ಲ. ಮೊದಲು ಹಾಗಿರಲಿಲ್ಲ. ಕ್ಯಾಲಿಫೋರ್ನಿಯಾದ ಡುವಾರ್ಟೆ ರೋಟರಿ ಕ್ಲಬ್ 1977ರಲ್ಲಿ ಮೂವರು ಮಹಿಳೆಯರನ್ನು ಸೇರಿಸಿಕೊಂಡದ್ದಕ್ಕೆ ಅದರ ಮಾನ್ಯತೆಯೇ ಹೋಯಿತು. ವಿಷಯ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1987ರ ಮೇನಲ್ಲಿ ಮಹಿಳೆಯರ ಪರವಾಗಿ ತೀರ್ಪು ಬಂತು. ಲಯನ್ಸ್ ಮತ್ತು ಇಂಥದ್ದೇ ಇನ್ನೊಂದು ಸೇವಾ ಸಂಸ್ಥೆ ಕಿವಾನಿಸ್ ಮಹಿಳೆಯರಿಗೆ ಬಾಗಿಲು ತೆರೆದದ್ದೂ ಅದೇ ವರ್ಷ. ಕಾಲೇಜಿನವರು, ಹೊಸದಾಗಿ ಕೆಲಸಕ್ಕೆ ಸೇರಿದವರು ಆದರೆ ರೋಟರಿಯ ಯುವ ಕ್ಲಬ್ ರೋಟರಾಕ್ಟ್, ಲಯನ್ಸ್‌ನ ಯುವ ಕ್ಲಬ್ ಲಿಯೋ, ಯುವಕರದ್ದೇ ಬೇರೆ ಸಂಸ್ಥೆ ಜೇಸಿ ಕೂಡ ನೋಡಿ. ಅಲ್ಲಿ ನಿಮ್ಮ ವಯಸ್ಸಿನವರೇ ಸಿಗುತ್ತಾರೆ.

ದುಡ್ಡಿನ ವಿಷಯ ಸಂಕೋಚ ಬಿಟ್ಟು ಕೇಳಿ. ಸದಸ್ಯರು ಕಟ್ಟುವ ಚಂದಾದಲ್ಲಿ ಒಂದು ಪಾಲು ಡಿಸ್ಟ್ರಿಕ್ಟಿಗೆ (ಆ ಭಾಗದ ಕ್ಲಬ್ಬುಗಳೆಲ್ಲ ಸೇರಿದ ಘಟಕ), ಒಂದು ಪಾಲು ಅಂತಾರಾಷ್ಟ್ರೀಯ ಸಂಸ್ಥೆಗೆ ಹೋಗುತ್ತದೆ, ಉಳಿದದ್ದು ಕ್ಲಬ್ ನಡೆಸಲು. ಜನರಿಂದ ಎತ್ತಿದ ದೇಣಿಗೆ ಬೇರೆ ಖಾತೆಯಲ್ಲಿರಬೇಕು, ಅದು ಜನರ ಕೆಲಸಕ್ಕೇ ಹೋಗಬೇಕು. ಮೀಟಿಂಗಿನ ಊಟದ ಬಿಲ್ಲು ಅದರಿಂದ ಹೋಗಬಾರದು. ಎರಡು ಖಾತೆ ಬೇರೆ ಬೇರೆ ಇವೆಯಾ ಎಂದು ಖಜಾಂಚಿಯನ್ನು ಕೇಳಿದರೆ ಒಳ್ಳೆಯ ಕ್ಲಬ್ಬಿನಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಪುಸ್ತಕ ತೆಗೆದು ತೋರಿಸುತ್ತಾರೆ.

ಈಗಲೇ ಅರ್ಜಿ ತುಂಬಬೇಡಿ. ಅತಿಥಿಯಾಗಿ ಎರಡು ಮೂರು ಮೀಟಿಂಗಿಗೆ ಹೋಗಿ, ಒಂದು ಶಿಬಿರದಲ್ಲಿ ದಿನವಿಡೀ ಇದ್ದು ನೋಡಿ. ಮೂರು ವರ್ಷದಿಂದ ಬಿಡದೆ ನಡೆಯುತ್ತಿರುವ ಪ್ರಾಜೆಕ್ಟ್ ಯಾವುದು ಎಂದು ಕೇಳಿ, ಅದು ನಡೆಯುವ ಜಾಗಕ್ಕೆ ಒಮ್ಮೆ ಹೋಗಿ ಬನ್ನಿ. ಸೇರಿದ ಮೇಲೆ ಭಾನುವಾರ ಮಾತ್ರ ಬಿಡುವು ಎಂದು ಮೊದಲೇ ಹೇಳಿಬಿಡಿ. ಪೊರೆ ಆಪರೇಷನ್ ಆದವರಿಗೆ ಫೋನ್ ಮಾಡಿ ವಿಚಾರಿಸುವ ಕೆಲಸ ನನಗೆ ಕೊಡಿ ಎಂದು ನೀವೇ ಕೇಳಿ ಪಡೆಯಿರಿ. ವಾರಕ್ಕೆ ಒಂದೆರಡು ಗಂಟೆ ಸಾಕು, ಆ ಕೆಲಸಕ್ಕೆ ಯಾವಾಗಲೂ ಜನ ಕಡಿಮೆ.