ಒಕ್ಲಹೋಮಾ ಚರಿತ್ರೆಯ ಲೇಖನ ಕಳಿಸಿದವರಿಗೆ

ಮಾನ್ಯರೇ,

ಆದಿಜನರಿಂದ ಹಿಡಿದು 1907ರಲ್ಲಿ ಅಮೆರಿಕದ ಒಂದು ರಾಜ್ಯವಾಗುವವರೆಗಿನ ಒಕ್ಲಹೋಮಾ ಚರಿತ್ರೆಯನ್ನು ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಇಸವಿಗಳು ಸರಿಯಾಗಿವೆ, ನೀವು ಪಟ್ಟ ಶ್ರಮವೂ ಕಾಣುತ್ತದೆ; ತೊಡಕಿರುವುದು ಈ ಚರಿತ್ರೆಯನ್ನು ನೀವು ಯಾರ ಪಕ್ಕದಲ್ಲಿ ನಿಂತು ನೋಡಿದ್ದೀರಿ ಎಂಬಲ್ಲಿ.

ಸ್ಪೈರೋ ಎಂಬಲ್ಲಿ ಪ್ರಾಚೀನ ಮಣ್ಣಿನ ದಿಬ್ಬಗಳನ್ನು ಕಟ್ಟಿದವರು, ಹುಲ್ಲಿನ ಮನೆಗಳ ವಿಚಿಟಾ ಜನ, 1541ರಲ್ಲಿ ಹಾದುಹೋದ ಸ್ಪೇನಿನ ದಂಡಯಾತ್ರಿ ಕೊರೊನಾಡೊ ಇವರೆಲ್ಲ ಮೊದಲ ಪುಟದಲ್ಲಿ ಬರುತ್ತಾರೆ. ಅಲ್ಲಿಂದ ಮುಂದೆ ಮೂಲನಿವಾಸಿಗಳು ಹೆಚ್ಚುಕಡಿಮೆ ಕಾಣೆಯಾಗುತ್ತಾರೆ. '1889ರ ಏಪ್ರಿಲ್ 22ರಂದು ಖಾಲಿ ಬಿದ್ದಿದ್ದ ನೆಲಕ್ಕೆ ಜನ ಬಂದರು' ಎಂಬ ವಾಕ್ಯವನ್ನು ದಯವಿಟ್ಟು ಹೊಡೆದುಹಾಕಿ. ಆ ಮಧ್ಯಾಹ್ನ ಸುಮಾರು 50,000 ಜನ ಕುದುರೆ, ಬಂಡಿ, ರೈಲುಗಳಲ್ಲಿ ನುಗ್ಗಿದ ಸುಮಾರು 20 ಲಕ್ಷ ಎಕರೆಯನ್ನು, ಅಂತರ್ಯುದ್ಧ ಮುಗಿದ ಮೇಲೆ, 1866ರ ಒಪ್ಪಂದಗಳ ಮೂಲಕ ಕ್ರೀಕ್ ಮತ್ತು ಸೆಮಿನೋಲ್ ಎಂಬ ಮೂಲನಿವಾಸಿ ರಾಷ್ಟ್ರಗಳ ಕೈಯಿಂದ ಬಿಡಿಸಿಕೊಳ್ಳಲಾಗಿತ್ತು. ಅದಕ್ಕೂ ಮೊದಲು ಆ ಜನರನ್ನೇ ಅಮೆರಿಕದ ಆಗ್ನೇಯದಲ್ಲಿದ್ದ ಅವರ ಊರುಗಳಿಂದ ಎಬ್ಬಿಸಿ, ಇನ್ನು ಇದು ನಿಮ್ಮ ನೆಲ ಎಂಬ ಭರವಸೆ ಕೊಟ್ಟು, ಇಲ್ಲಿಗೆ ತಂದು ಬಿಟ್ಟದ್ದಾಗಿತ್ತು.

ಹೀಗೆಯೇ ಆಗ್ನೇಯದಿಂದ ಎಬ್ಬಿಸಿದ ಚೆರೋಕಿ ಜನರ 1838–39ರ ಗಡಿಪಾರಿಗೆ ನೀವು ಕೊಟ್ಟಿರುವುದು ಎರಡೇ ಸಾಲು. ಸುಮಾರು 16,000 ಜನರಲ್ಲಿ 4,000ದಷ್ಟು ಮಂದಿ ಸತ್ತರೆಂದು ಸಾಮಾನ್ಯವಾಗಿ ಅಂದಾಜಿಸುತ್ತಾರೆ. ಚೆರೋಕಿಗಳಲ್ಲಿ ಉಳ್ಳವರು ಆಫ್ರಿಕನ್ ಮೂಲದ ಗುಲಾಮರನ್ನು ಇಟ್ಟುಕೊಂಡಿದ್ದರು, ಆ ಗುಲಾಮರೂ ಅದೇ ದಾರಿ ಸವೆಸಿದರು ಎಂಬುದನ್ನೂ ಮುಚ್ಚಿಡದೆ ಬರೆಯಿರಿ.

ಸೆಕ್ವೋಯಾ ಎಂಬ ಚೆರೋಕಿ ವ್ಯಕ್ತಿ ತನ್ನ ಭಾಷೆಗೆ ಲಿಪಿ ರೂಪಿಸಿದ್ದನ್ನು 'ಪವಾಡ' ಎಂದು ಕರೆದು ಮುಂದೆ ಹೋಗಿದ್ದೀರಿ. ಕನ್ನಡ ಓದುಗರಿಗೆ ಅದನ್ನು ಬಿಡಿಸಿ ಹೇಳುವುದು ಕಷ್ಟವಲ್ಲ. 1821ರ ಹೊತ್ತಿಗೆ ಸಿದ್ಧವಾದ ಆ ಲಿಪಿಯಲ್ಲೂ ನಮ್ಮಲ್ಲಿರುವಂತೆ ಒಂದೊಂದು ಗುರುತು ಸಾಮಾನ್ಯವಾಗಿ ಒಂದು ಇಡೀ ಉಚ್ಚಾರ. ಆದರೆ ನಾವು 'ಗ'ಕಾರಕ್ಕೆ ಗುಡಿಸು ಕೊಟ್ಟು 'ಗಿ', ಕೊಂಬು ಕೊಟ್ಟು 'ಗು' ಮಾಡಿಕೊಳ್ಳುತ್ತೇವೆ. ಅಲ್ಲಿ ಈ ಮೂರಕ್ಕೂ ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ಆಕೃತಿಗಳು. ಸಾಮಾನ್ಯ ಜನ ಅದನ್ನು ಬೇಗ ಕಲಿತರು, 1828ರಲ್ಲೇ ಪತ್ರಿಕೆ ಹೊರತಂದರು. ಗಡಿಪಾರಾಗಿ ಬಂದ ಮೇಲೆ ತಾಲಕ್ವಾದಲ್ಲಿ ರಾಜಧಾನಿ ಕಟ್ಟಿ, 1844ರಿಂದ ಮತ್ತೆ ಪತ್ರಿಕೆ ನಡೆಸಿದರು. ಈ ಭಾಗ ನಿಮ್ಮ ಲೇಖನದ ನಡುಮನೆಯಾಗಬೇಕು.

ಎಲ್ಲಕ್ಕಿಂತ ದೊಡ್ಡ ಲೋಪ 1905ರದು. ಆ ವರ್ಷ ಮಸ್ಕೋಗಿಯಲ್ಲಿ ಚೆರೋಕಿ, ಚಾಕ್ಟಾ, ಚಿಕಸಾ, ಕ್ರೀಕ್, ಸೆಮಿನೋಲ್ ಎಂಬ ಐದು ರಾಷ್ಟ್ರಗಳ ಮುಖಂಡರು ಸೇರಿ, ಕ್ರೀಕ್ ನಾಯಕ ಪ್ಲೆಸೆಂಟ್ ಪೋರ್ಟರ್ ಅಧ್ಯಕ್ಷತೆಯಲ್ಲಿ, ಸೆಕ್ವೋಯಾ ಎಂಬ ಹೆಸರಿನ ತಮ್ಮದೇ ರಾಜ್ಯಕ್ಕೆ ಸಂವಿಧಾನ ಬರೆದರು. ಜನಮತದಲ್ಲಿ ಅದಕ್ಕೆ ಭಾರಿ ಬಹುಮತ ಬಂತು. ವಾಷಿಂಗ್ಟನ್ ಮಾತ್ರ ಕಿವಿಗೊಡಲಿಲ್ಲ. ಇಷ್ಟು ತಿಳಿದ ಮೇಲೆ ನಿಮ್ಮ ಕೊನೆಯ ಸಾಲಿನ 'ಕನಸು ನನಸಾಯಿತು' ಎಂಬ ಮಾತು ನಿಲ್ಲುತ್ತದೆಯೇ? 1898ರ ಕರ್ಟಿಸ್ ಕಾಯ್ದೆ ಬುಡಕಟ್ಟುಗಳ ನ್ಯಾಯಾಲಯಗಳನ್ನು ಮುಚ್ಚಿಸಿ, ಎಲ್ಲರಿಗೂ ಸೇರಿದ್ದ ನೆಲವನ್ನು ತುಂಡು ತುಂಡಾಗಿ ಹಂಚಲು ದಾರಿಮಾಡಿತ್ತು. 1907ರ ನವೆಂಬರ್ 16ರಂದು ಗಥ್ರಿಯಲ್ಲಿ, ಸೇರಿ ಒಂದೇ ರಾಜ್ಯವಾದ ಒಕ್ಲಹೋಮಾ ಪ್ರಾಂತ ಮತ್ತು ಈ ಐದು ರಾಷ್ಟ್ರಗಳಿದ್ದ ಇಂಡಿಯನ್ ಪ್ರಾಂತಗಳಿಗೆ ಅಣಕು ಮದುವೆ ಮಾಡಿಸಿ ಸಂಭ್ರಮಿಸಿದರು. ಇಂಡಿಯನ್ ಪ್ರಾಂತವೇ ವಧು, ಆ ಪಾತ್ರ ವಹಿಸಿದವರು ಚೆರೋಕಿ ಮೂಲದ ಮಹಿಳೆ. ನಾನು ನಿಮ್ಮ ಜಾಗದಲ್ಲಿದ್ದರೆ ಆ ಅಣಕು ಮದುವೆಯಿಂದಲೇ ಲೇಖನ ಆರಂಭಿಸುತ್ತಿದ್ದೆ.

'ರೆಡ್ ಇಂಡಿಯನ್ನರು' ಎಂದು ಎಲ್ಲರನ್ನೂ ಒಂದೇ ರಾಶಿಗೆ ಹಾಕದೆ ಚಾಕ್ಟಾ, ಚಿಕಸಾ, ಒಸೇಜ್ ಎಂದು ಹೆಸರು ಹಿಡಿದು ಬರೆಯಿರಿ. 'ಒಕ್ಲಹೋಮಾ' ಎಂಬುದೂ 'ಕೆಂಪು ಜನ' ಎಂಬರ್ಥದ ಚಾಕ್ಟಾ ಮಾತುಗಳಿಂದ ಬಂದದ್ದೆಂಬುದು ನಿಮ್ಮ ಬರಹದಲ್ಲೆಲ್ಲೂ ಇಲ್ಲ. ತಿದ್ದಿ ಮತ್ತೆ ಕಳಿಸಿ, ಖಂಡಿತ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ